ಸಕ್ಕರೆ ಕಾಯಿಲೆಯ ಚೀಟಿಯಲ್ಲಿ ಮನಸ್ಸಿಗೂ ಒಂದು ಸಾಲು ಬೇಕು

ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾದ ದಿನ ಸಾಮಾನ್ಯವಾಗಿ ನಡೆಯುವುದು ಇಷ್ಟು. ಲ್ಯಾಬಿನಿಂದ ಬಂದ ರಿಪೋರ್ಟಿನ ಮೇಲೆ ವೈದ್ಯರು ಕಣ್ಣಾಡಿಸುತ್ತಾರೆ. ಖಾಲಿ ಹೊಟ್ಟೆಯದ್ದು, ಊಟವಾದ ಮೇಲಿನದ್ದು, ಮೂರು ತಿಂಗಳ ಸರಾಸರಿಯದ್ದು ಎಂದು ಮೂರು ಅಂಕಿಗಳ ಕೆಳಗೆ ಗೀಟೆಳೆಯುತ್ತಾರೆ. ಮಾತ್ರೆ ಬರೆಯುತ್ತಾರೆ. ಆಮೇಲೆ ಸೂಚನೆಗಳು: ಅನ್ನ ಕಡಿಮೆ ಮಾಡಿ, ಸಿಹಿ ಬಿಡಿ, ದಿನಾ ಅರ್ಧ ಗಂಟೆ ವಾಕಿಂಗ್ ಮಾಡಿ, ತೂಕ ಇಳಿಸಿ, ಬೀಡಿ-ಸಿಗರೇಟು ಇದ್ದರೆ ನಿಲ್ಲಿಸಿ, ಟೆನ್ಶನ್ ಮಾಡ್ಕೋಬೇಡಿ, ಮೂರು ತಿಂಗಳು ಬಿಟ್ಟು ಬನ್ನಿ. ಹೊರಗಿನ ಬೆಂಚಿನ ಮೇಲೆ ಇನ್ನೂ ಎಷ್ಟೋ ಜನ ಕಾದಿರುತ್ತಾರೆ. ಐದು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ.

ಆ ಸೂಚನೆಗಳಲ್ಲಿ ಒಂದೂ ತಪ್ಪಿಲ್ಲ. ಆದರೆ ಒಳಗೆ ಹೋಗುವಾಗ ಸುಮ್ಮನೆ ಸುಸ್ತು ಎಂದುಕೊಂಡು ಹೋದ ಮನುಷ್ಯ ಹೊರಗೆ ಬರುವಾಗ ಜೀವಮಾನದ ರೋಗಿ. ಊಟ, ನಿದ್ದೆ, ಓಡಾಟ, ಹಬ್ಬ, ನೆಂಟರ ಮನೆ ಎಲ್ಲವೂ ಇವತ್ತಿನಿಂದ ಬದಲಾಗಬೇಕೆಂಬ ಆಜ್ಞೆ ಅವನ ಕೈಯಲ್ಲಿದೆ. ಇಷ್ಟನ್ನೂ ಮಾಡಬೇಕಾದ ಮನಸ್ಸು ಯಾವ ಸ್ಥಿತಿಯಲ್ಲಿದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. "ಟೆನ್ಶನ್ ಮಾಡ್ಕೋಬೇಡಿ" ಎಂಬ ಒಂದೇ ಮಾತಿಗೆ ಮನಸ್ಸಿನ ಅಧ್ಯಾಯ ಮುಗಿದುಹೋಗುತ್ತದೆ. ಮೂರು ತಿಂಗಳು ಕಳೆದು ಸಕ್ಕರೆ ಇಳಿಯದೆ ಬಂದಾಗ ಅವನಿಗೆ ಸಿಗುವುದು ಗದರಿಕೆ. ಹಾಗೆ ಗದರಿಸಿಕೊಳ್ಳುವವರಲ್ಲಿ ಬಹಳ ಮಂದಿ ಸೋಮಾರಿಗಳಲ್ಲ. ಅವರಿಗೆ ಎರಡನೆಯ ಕಾಯಿಲೆಯೊಂದಿದೆ, ಅದನ್ನು ಯಾರೂ ಪತ್ತೆ ಮಾಡಿಲ್ಲ. ಅದರ ಹೆಸರು ಖಿನ್ನತೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್ ಸೇರಿ ನಡೆಸಿದ ರಾಷ್ಟ್ರಮಟ್ಟದ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ ಎಂಬುದು ಅದರ ಅಂದಾಜು. ಮಧುಮೇಹ ಇರುವವರಲ್ಲಿ ಖಿನ್ನತೆ ಉಳಿದವರಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಎಂಬುದನ್ನು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು 2001ರಲ್ಲೇ ತೋರಿಸಿತ್ತು. ಈ ಎರಡು ಮಾತುಗಳನ್ನು ಜೊತೆಗಿಟ್ಟು ಓದಿದರೆ ನಮ್ಮ ಪ್ರತಿ ಬೀದಿಯಲ್ಲೂ, ಬಹುಶಃ ಪ್ರತಿ ದೊಡ್ಡ ಕುಟುಂಬದಲ್ಲೂ, ಈ ಎರಡು ಕಾಯಿಲೆಗಳನ್ನು ಒಟ್ಟಿಗೆ ಹೊತ್ತವರು ಇದ್ದಾರೆಂದು ಹೇಳಲು ಹೊಸ ಸಮೀಕ್ಷೆ ಬೇಕಿಲ್ಲ.

ನಂಟು ಹಳೆಯದು. ಮಧುಮೇಹಿಗಳ ಮೂತ್ರ ಸಿಹಿಯಾಗಿರುತ್ತದೆಂದು ಯುರೋಪಿನಲ್ಲಿ ಬರೆದಿಟ್ಟ ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್, ದೀರ್ಘಕಾಲದ ದುಃಖದಿಂದ ಈ ರೋಗ ಬರುತ್ತದೆಂದು ಹದಿನೇಳನೆಯ ಶತಮಾನದಲ್ಲೇ ಅಭಿಪ್ರಾಯಪಟ್ಟಿದ್ದ. ದುಃಖವೊಂದೇ ಕಾರಣ ಎಂದು ಇವತ್ತು ಯಾರೂ ಹೇಳುವುದಿಲ್ಲ. ಆದರೆ ಖಿನ್ನತೆಯಲ್ಲಿ ಬಹಳ ಕಾಲ ಇದ್ದವರಿಗೆ ಮುಂದೆ ಮಧುಮೇಹ ಬರುವ ಸಾಧ್ಯತೆ ಹೆಚ್ಚು ಎಂಬುದು ಈಗ ಸಿದ್ಧವಾದ ಸಂಗತಿ. ಮಧುಮೇಹದಿಂದ ಖಿನ್ನತೆಗೂ, ಖಿನ್ನತೆಯಿಂದ ಮಧುಮೇಹಕ್ಕೂ ದಾರಿ ಇದೆ.

ದೇಹದೊಳಗೆ ಏನಾಗುತ್ತದೆ? ಮನಸ್ಸು ಬಹುಕಾಲ ಒತ್ತಡದಲ್ಲಿದ್ದಾಗ ಕಾರ್ಟಿಸಾಲ್ ಎಂಬ ಹಾರ್ಮೋನು ಏರಿಕೆಯಲ್ಲೇ ಉಳಿಯಬಹುದು. ಅಪಾಯ ಎದುರಾದಾಗ ಓಡಲು, ಹೋರಾಡಲು ಬೇಕಾಗುವ ಶಕ್ತಿಗಾಗಿ ಯಕೃತ್ತಿನಿಂದ ಸಕ್ಕರೆಯನ್ನು ರಕ್ತಕ್ಕೆ ಬಿಡಿಸುವುದು ಅದರ ಕೆಲಸ. ಓಡುವ ಪ್ರಸಂಗವೇ ಇಲ್ಲದೆ ಕುರ್ಚಿಯಲ್ಲಿ ಕೂತು ಚಿಂತಿಸುವವನ ರಕ್ತಕ್ಕೂ ಅದು ಸಕ್ಕರೆ ಸುರಿಯುತ್ತಲೇ ಇರುತ್ತದೆ, ಇನ್ಸುಲಿನ್ನಿನ ಮಾತನ್ನು ಜೀವಕೋಶಗಳು ಕೇಳದಂತೆಯೂ ಮಾಡುತ್ತದೆ. ನಿದ್ದೆ ಕೆಟ್ಟರೆ ಇದು ಇನ್ನಷ್ಟು ಹದಗೆಡುತ್ತದೆ. ಆದರೆ ನನ್ನ ದೃಷ್ಟಿಯಲ್ಲಿ ಇದಕ್ಕಿಂತ ದೊಡ್ಡ ಹಾನಿ ನಡೆಯುವುದು ದಿನಚರಿಯಲ್ಲಿ. ಖಿನ್ನತೆ ಮೊದಲು ಕಸಿದುಕೊಳ್ಳುವುದೇ ಒಂದು ಕೆಲಸವನ್ನು ಶುರು ಮಾಡುವ ಶಕ್ತಿಯನ್ನು. ಬೆಳಿಗ್ಗೆ ಎದ್ದು ಚಪ್ಪಲಿ ಮೆಟ್ಟಿ ಹೊರಗೆ ಹೊರಡುವುದು, ಮಾತ್ರೆ ಮುಗಿಯುವ ಮುಂಚೆ ಮೆಡಿಕಲ್ ಶಾಪಿಗೆ ಹೋಗುವುದು, ಹಸಿವಾದಾಗ ಕೈಗೆ ಸಿಕ್ಕ ಬಿಸ್ಕತ್ತಿನ ಬದಲು ಸೌತೆಕಾಯಿ ಹೆಚ್ಚಿಕೊಳ್ಳುವುದು, ಇವೆಲ್ಲ ಆ ಶಕ್ತಿಯನ್ನೇ ಬೇಡುವ ಕೆಲಸಗಳು. ಸಕ್ಕರೆ ಕಾಯಿಲೆಯ ಚಿಕಿತ್ಸೆಯ ಬಹುಪಾಲು ನಡೆಯುವುದು ರೋಗಿಯ ಕೈಯಲ್ಲೇ, ದಿನವೂ. ಆ ಕೈಯೇ ಏಳದ ಹಾಗೆ ಮಾಡುವುದು ಖಿನ್ನತೆ.

"ರೀ, ಏಳ್ರೀ, ವಾಕಿಂಗ್ ಹೋಗಲ್ವಾ?"

"ಸೋಮವಾರದಿಂದ ಹೋಗ್ತೀನಿ ಬಿಡೇ."

ಈ ಮಾತು ಎಷ್ಟು ಮನೆಗಳಲ್ಲಿ ಎಷ್ಟು ಸೋಮವಾರಗಳನ್ನು ದಾಟಿ ಬಂದಿದೆಯೋ. ಕೇಳಿದವರಿಗೆ ಅದು ಉದಾಸೀನ. ಹೇಳುವವನಿಗೆ ಅದರ ಹಿಂದೆ ಒಂದು ಭಾರವಿದೆ, ಅದನ್ನು ವಿವರಿಸಲು ಅವನ ಹತ್ತಿರ ಮಾತಿಲ್ಲ. ನಮ್ಮಲ್ಲಿ ಖಿನ್ನತೆ ಅಳುವಿನ ರೂಪದಲ್ಲಿ ಬರುವುದು ಕಡಿಮೆ. ಸುಸ್ತು, ತಲೆಭಾರ, ಕೈಕಾಲು ಸೆಳೆತ, ನಿದ್ದೆ ಬರಲ್ಲ, ಊಟ ಸೇರಲ್ಲ, ಯಾಕೋ ಏನೂ ಬೇಡ ಅನಿಸುತ್ತೆ ಎಂಬ ದೂರುಗಳಾಗಿ ಅದು ಬರುತ್ತದೆ. ಮಧುಮೇಹ ಇದ್ದವರು ಹೀಗೆ ಹೇಳಿಕೊಂಡರೆ "ಶುಗರ್ ಇದ್ದರೆ ಸುಸ್ತು ಇದ್ದದ್ದೇ" ಎಂಬ ಉತ್ತರ ಸಿದ್ಧವಿರುತ್ತದೆ. ಎರಡೂ ಕಾಯಿಲೆಗಳ ಲಕ್ಷಣ ಒಂದರ ಮೇಲೊಂದು ಕೂತಿರುವುದರಿಂದ ಒಂದು ಇನ್ನೊಂದನ್ನು ಮುಚ್ಚಿಬಿಡುತ್ತದೆ.

ಮುಂದೆ ಹೋಗುವ ಮೊದಲು ಒಂದು ವ್ಯತ್ಯಾಸ ಹೇಳಬೇಕು. ಸಕ್ಕರೆ ಕಾಯಿಲೆಯೊಡನೆ ಬದುಕುವ ದಣಿವೇ ಬೇರೆ, ಖಿನ್ನತೆಯೇ ಬೇರೆ. ದಿನಾ ಮಾತ್ರೆ, ದಿನಾ ಲೆಕ್ಕ, ಕಾಲಿಗೆ ಏನಾಗುತ್ತದೋ ಕಣ್ಣಿಗೆ ಏನಾಗುತ್ತದೋ ಎಂಬ ಭಯ, ಎಷ್ಟು ಮಾಡಿದರೂ ಸಾಲದೆಂಬ ಬೇಸರ, ಇವು ಕಾಯಿಲೆಯ ಹೊರೆಯಿಂದ ನೇರವಾಗಿ ಹುಟ್ಟುವ ಸಂಕಟ. ವಿಲಿಯಂ ಪೊಲೊನ್ಸ್ಕಿ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಮತ್ತವರ ಸಂಗಡಿಗರು 1995ರಲ್ಲಿ ಇದನ್ನು ಅಳೆಯಲೆಂದೇ ಒಂದು ಪ್ರಶ್ನಾವಳಿ ರೂಪಿಸಿದರು. ಈ ಸಂಕಟ ಖಿನ್ನತೆಗಿಂತಲೂ ವ್ಯಾಪಕ. ಇದಕ್ಕೆ ಖಿನ್ನತೆಯ ಮಾತ್ರೆ ಬೇಕಿಲ್ಲ. ಕೇಳುವ ಕಿವಿ, ಸರಿಯಾದ ಮಾಹಿತಿ, ಹೊರೆಯನ್ನು ಹಗುರ ಮಾಡುವ ಯೋಜನೆ ಸಾಕಾಗುತ್ತದೆ. ಆದರೆ ಎರಡು ವಾರಕ್ಕೂ ಮಿಕ್ಕಿ ದಿನದ ಬಹುಹೊತ್ತು ಮಂಕು ಕವಿದಿದ್ದರೆ, ಮೊದಲು ಖುಷಿ ಕೊಡುತ್ತಿದ್ದ ಮೊಮ್ಮಕ್ಕಳ ಮಾತು, ಹೊಲದ ಕೆಲಸ, ಭಜನೆ, ಕ್ರಿಕೆಟ್ಟು ಯಾವುದೂ ಬೇಡವಾದರೆ, ತಾನು ಯಾರಿಗೂ ಬೇಡವೆನಿಸುತ್ತಿದ್ದರೆ ಅದು ಖಿನ್ನತೆಯಿರಬಹುದು. ಅದಕ್ಕೆ ಚಿಕಿತ್ಸೆ ಬೇಕು.

ನಮ್ಮ ಮನೆಗಳು ಈ ಎರಡನ್ನೂ ಹೇಗೆ ಬೆಳೆಸುತ್ತವೆಂದು ಹೇಳದೆ ಹೋದರೆ ವಿಷಯ ಅರ್ಧವಾಗುತ್ತದೆ. ಮದುವೆ ಮನೆಯಲ್ಲಿ ಎಲೆಯ ಮುಂದೆ ಕೂತವನಿಗೆ "ಒಂದು ಹೋಳಿಗೆಗೆ ಏನೂ ಆಗಲ್ಲ, ಬಡಿಸ್ರೀ" ಎಂದು ಒತ್ತಾಯ ಮಾಡುವವರೂ ನಾವೇ. ಮಾರನೆಯ ವಾರ ರಿಪೋರ್ಟು ಹೆಚ್ಚು ಬಂದಾಗ "ಬಾಯಿ ಕಟ್ಟೋಕೆ ಆಗಲ್ವಾ ನಿಮಗೆ?" ಎಂದು ಎಲ್ಲರೆದುರು ಹಂಗಿಸುವವರೂ ನಾವೇ. ರೋಗಿಯ ತಟ್ಟೆ ಇಡೀ ಬಳಗದ ಸೊತ್ತಾಗಿಬಿಡುತ್ತದೆ. ಅವನು ಏನು ತಿಂದ ಎಂಬುದಕ್ಕೆ ಹತ್ತು ಜೊತೆ ಕಣ್ಣುಗಳ ಕಾವಲು. ಕದ್ದು ತಿನ್ನುವುದು ಶುರುವಾಗುವುದು ಹೀಗೆ, ಅದರ ಹಿಂದೆಯೇ ತಪ್ಪಿತಸ್ಥ ಭಾವ, ಅದರ ಹಿಂದೆ ಇನ್ನಷ್ಟು ಬೇಸರ.

ಹೆಂಗಸರ ಕಥೆ ಇನ್ನೂ ಕಷ್ಟದ್ದು. ಮನೆಯ ಗಂಡಸಿಗೆ ಶುಗರ್ ಬಂದರೆ ಅಡುಗೆಮನೆ ಅವನಿಗಾಗಿ ಬದಲಾಗುತ್ತದೆ. ರಾತ್ರಿ ಅವನಿಗೆ ಬೇರೆ ಚಪಾತಿ, ಬೇರೆ ಪಲ್ಯ. ಅಡುಗೆ ಮಾಡುವವಳಿಗೇ ಶುಗರ್ ಬಂದರೆ? ಎಲ್ಲರಿಗೂ ಬಡಿಸಿ, ಉಳಿದ ಅನ್ನ ಚೆಲ್ಲಬಾರದೆಂದು ಅದನ್ನೇ ಉಂಡು ಮಲಗುತ್ತಾಳೆ. ತನಗೊಬ್ಬಳಿಗಾಗಿ ಎರಡು ಚಪಾತಿ ಲಟ್ಟಿಸಿಕೊಳ್ಳುವುದು ಅವಳಿಗೆ ಸ್ವಾರ್ಥವೆನಿಸುತ್ತದೆ. "ವಾಕಿಂಗ್ ಹೋಗು" ಅಂದರೆ ಯಾವ ಹೊತ್ತಿನಲ್ಲಿ? ಬೆಳಿಗ್ಗೆ ತಿಂಡಿ, ಡಬ್ಬಿ, ಮಕ್ಕಳ ಸ್ಕೂಲು. ಸಂಜೆ ಕತ್ತಲಾದ ಮೇಲೆ ಒಬ್ಬಳೇ ಹೊರಗೆ ಹೋಗುವಂತಿಲ್ಲ. ಹಳ್ಳಿಯಲ್ಲಂತೂ ಕೆಲಸವಿಲ್ಲದೆ ಸುಮ್ಮನೆ ನಡೆದಾಡುವ ಹೆಂಗಸು ನಾಲ್ಕು ಜನರ ಮಾತಿಗೆ ವಸ್ತು. ಖಿನ್ನತೆ ಮೊದಲೇ ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಅಭ್ಯಾಸ ಬದಲಿಸಿಕೊಳ್ಳಲು ಬೇಕಾದ ಸಮಯ, ಜಾಗ, ಮನೆಯವರ ಒಪ್ಪಿಗೆ ಯಾವುದೂ ಅವಳ ಕೈಯಲ್ಲಿಲ್ಲದಿರುವಾಗ "ನೀನೇ ಸರಿಯಾಗಿ ನೋಡ್ಕೊಳ್ಳಲ್ಲ" ಎಂಬ ಆಪಾದನೆ ನನಗೆ ಕ್ರೌರ್ಯವಾಗಿ ಕಾಣುತ್ತದೆ.

ಇದರ ಮೇಲೆ ಅಂಕಿಗಳ ಹಿಂಸೆ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ರಿಪೋರ್ಟನ್ನು ನಾವು ಶಾಲೆಯ ಮಾರ್ಕ್ಸ್ ಕಾರ್ಡಿನಂತೆ ನೋಡುತ್ತೇವೆ: ಏಳರ ಒಳಗೆ ಬಂದರೆ ಪಾಸು, ಒಂಬತ್ತು ಬಂದರೆ ಫೇಲು. ಎರಡನೆಯ ಬಗೆಯ ಮಧುಮೇಹ ವರ್ಷಗಳು ಕಳೆದಂತೆ ತಾನಾಗಿಯೇ ಮುಂದುವರಿಯುವ ಕಾಯಿಲೆ. ಮೇದೋಜೀರಕದ ಇನ್ಸುಲಿನ್ ತಯಾರಿಸುವ ಶಕ್ತಿ ನಿಧಾನಕ್ಕೆ ಕುಗ್ಗುತ್ತದೆ. ಎಲ್ಲವನ್ನೂ ಸರಿಯಾಗಿ ಪಾಲಿಸಿದವರಿಗೂ ಒಂದು ದಿನ ಮಾತ್ರೆ ಹೆಚ್ಚಿಸಬೇಕಾಗಬಹುದು, ಇನ್ಸುಲಿನ್ ಬೇಕಾಗಬಹುದು. ಅದನ್ನು ಮೊದಲ ದಿನವೇ ಹೇಳಿಬಿಟ್ಟರೆ ಇನ್ಸುಲಿನ್ ಬರೆದ ದಿನ "ಇನ್ನು ಮುಗೀತು" ಎಂದು ರೋಗಿ ಕುಸಿಯುವುದು ತಪ್ಪುತ್ತದೆ. ಮೊಬೈಲಿನಲ್ಲಿ ಹರಿದಾಡುವ "ಇಪ್ಪತ್ತೊಂದು ದಿನದಲ್ಲಿ ಶುಗರ್ ಮಾಯ" ಎಂಬ ಸಂದೇಶಗಳು ಮಾಡುವ ಕೆಡುಕು ಮಾತ್ರೆ ಬಿಡಿಸುವುದಕ್ಕೆ ನಿಲ್ಲುವುದಿಲ್ಲ. ಮಾಯವಾಗದಿದ್ದಾಗ ದೋಷ ನನ್ನದೇ ಎಂಬ ನಂಬಿಕೆಯನ್ನೂ ಬಿತ್ತಿ ಹೋಗುತ್ತವೆ.

ಹಾಗಾದರೆ ಮಾಡುವುದೇನು? ಇಲ್ಲಿ ನಮಗೆ ದೂರದ ದೇಶದ ಉದಾಹರಣೆ ಬೇಕಿಲ್ಲ. ಮಧುಮೇಹ ಮತ್ತು ಖಿನ್ನತೆ ಎರಡೂ ಇದ್ದ 404 ಜನರ ಮೇಲೆ ಬೆಂಗಳೂರು, ಚೆನ್ನೈ, ದೆಹಲಿ ಮತ್ತು ವಿಶಾಖಪಟ್ಟಣದ ಚಿಕಿತ್ಸಾಲಯಗಳಲ್ಲಿ 'ಇಂಡಿಪೆಂಡೆಂಟ್' ಎಂಬ ಪ್ರಯೋಗ ನಡೆಯಿತು. ಅದರ ಫಲಿತಾಂಶ 2020ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂತು. ಅರ್ಧದಷ್ಟು ಜನರಿಗೆ ಎಂದಿನ ಚಿಕಿತ್ಸೆ. ಉಳಿದವರಿಗೆ ಅದರ ಜೊತೆಗೆ ಒಬ್ಬ ಆರೈಕೆ ಸಂಯೋಜಕರು. ಇವರು ವೈದ್ಯರಲ್ಲ, ತರಬೇತಿ ಪಡೆದ ಕಾರ್ಯಕರ್ತರು. ಅವರು ರೋಗಿಯನ್ನು ಆಗಾಗ ಮಾತಾಡಿಸುತ್ತಾರೆ, ಮನಸ್ಸು ಹೇಗಿದೆ, ಮಾತ್ರೆ ತಗೊಂಡಿರಾ, ಓಡಾಟ ಹೇಗೆ ಎಂದು ವಿಚಾರಿಸುತ್ತಾರೆ, ತೊಡಕು ಕಂಡರೆ ಒಟ್ಟಿಗೆ ಕೂತು ದಾರಿ ಹುಡುಕುತ್ತಾರೆ. ಅವರ ವರದಿಯನ್ನು ಮಧುಮೇಹ ತಜ್ಞರು, ಮನೋವೈದ್ಯರು ಜೊತೆಯಾಗಿ ನೋಡಿ ಚಿಕಿತ್ಸೆ ಸರಿಪಡಿಸುತ್ತಾರೆ. ಹೀಗೆ ಒಂದು ವರ್ಷ. ಎರಡು ವರ್ಷದ ಕೊನೆಗೆ ನೋಡಿದಾಗ ಖಿನ್ನತೆಯ ಲಕ್ಷಣಗಳು ಅರ್ಧಕ್ಕೆ ಇಳಿದು, ಜೊತೆಗೆ ಸಕ್ಕರೆ, ರಕ್ತದೊತ್ತಡ, ಕೊಲೆಸ್ಟ್ರಾಲ್ ಇವುಗಳಲ್ಲಿ ಒಂದಾದರೂ ಗಣನೀಯವಾಗಿ ಸುಧಾರಿಸಿದವರು ಈ ಗುಂಪಿನಲ್ಲಿ ಶೇ 71.6, ಎಂದಿನ ಚಿಕಿತ್ಸೆಯ ಗುಂಪಿನಲ್ಲಿ ಶೇ 57.4. ಕಾರ್ಯಕ್ರಮ ನಿಂತು ಒಂದು ವರ್ಷವಾದ ಮೇಲೂ ಲಾಭ ಉಳಿದಿತ್ತು ಎಂಬುದು ನನಗೆ ಅಂಕಿಗಿಂತ ಮುಖ್ಯವಾಗಿ ಕಾಣುತ್ತದೆ.

ನೆರೆಯ ಗೋವಾದಲ್ಲಿ ನಡೆದದ್ದು ಇನ್ನೂ ಸರಳ. ಅಲ್ಲಿನ 'ಸಂಗತ್' ಸಂಸ್ಥೆ ಮನೋವೈದ್ಯಕೀಯ ಪದವಿಯಿಲ್ಲದ ಸ್ಥಳೀಯರಿಗೆ ತರಬೇತಿ ಕೊಟ್ಟು, ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬರುವ ತೀವ್ರ ಖಿನ್ನತೆಯ ರೋಗಿಗಳಿಗೆ ಆರರಿಂದ ಎಂಟು ಭೇಟಿಗಳ ಆಪ್ತಸಮಾಲೋಚನೆ ಕೊಡಿಸಿತು. 2017ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಮೂರು ತಿಂಗಳಿಗೆ ಖಿನ್ನತೆಯಿಂದ ಹೊರಬಂದವರು ಶೇ 64. ಆ ಸಮಾಲೋಚನೆ ಸಿಗದವರಲ್ಲಿ ಶೇ 39. ಆ ಭೇಟಿಗಳ ತಿರುಳು ಸಣ್ಣದು: ಮನಸ್ಸು ಬರಲಿ, ಆಮೇಲೆ ಕೆಲಸ ಮಾಡೋಣ ಎಂದು ಕಾಯುವುದು ಬೇಡ. ಸಣ್ಣ ಕೆಲಸವೊಂದನ್ನು ಗೊತ್ತುಪಡಿಸಿದ ಹೊತ್ತಿಗೆ ಮಾಡುವುದು, ಮಾಡಿದ ಮೇಲೆ ಹೇಗನಿಸಿತು ಎಂದು ಗಮನಿಸುವುದು, ನಿಧಾನಕ್ಕೆ ಇನ್ನೊಂದನ್ನು ಸೇರಿಸುವುದು. ಖಿನ್ನತೆಯಲ್ಲಿ ಹುಮ್ಮಸ್ಸು ಕೆಲಸದ ಮುಂಚೆ ಬರುವುದಿಲ್ಲ, ಹಿಂದಿನಿಂದ ಬರುತ್ತದೆ.

ಮಧುಮೇಹಕ್ಕೆ ಬೇಕಾದ ಅಭ್ಯಾಸಗಳಿಗೂ ಇದೇ ದಾರಿ ಹೊಂದುತ್ತದೆ. ಚೀಟಿಯಲ್ಲಿರುವ ಆರು ಬದಲಾವಣೆಗಳನ್ನು ಒಂದೇ ಸೋಮವಾರ ಶುರು ಮಾಡಿದರೆ ಬುಧವಾರಕ್ಕೆ ಎಲ್ಲವೂ ಬಿದ್ದುಹೋಗುತ್ತವೆ. ಒಂದನ್ನು ಆರಿಸಿಕೊಳ್ಳಿ. ರಾತ್ರಿ ಊಟವಾದ ಮೇಲೆ ಹತ್ತು ನಿಮಿಷ ನಡೆಯುವುದು ಒಳ್ಳೆಯ ಆರಂಭ, ಊಟದ ನಂತರ ಏರುವ ಸಕ್ಕರೆಗೆ ಅದರಿಂದ ನೇರ ಉಪಯೋಗವಿದೆ. ರಸ್ತೆಗೆ ಹೋಗಲಾಗದಿದ್ದರೆ ಅಂಗಳ, ಮನೆಯ ಮಹಡಿ, ಹಜಾರ ಸಾಕು. ಮಾತ್ರೆಯನ್ನು ದಿನವೂ ತಪ್ಪದ ಕೆಲಸವೊಂದಕ್ಕೆ ಗಂಟು ಹಾಕಿ. ತಿಂಡಿಯ ತಟ್ಟೆಯ ಪಕ್ಕದಲ್ಲೇ ಡಬ್ಬಿ ಇರಲಿ. ಅನ್ನ ಪೂರ್ತಿ ಬಿಡುವ ಶಪಥ ಬೇಡ. ಮೊದಲು ಒಂದು ಸೌಟು ಕಡಿಮೆ ಮಾಡಿ ಆ ಜಾಗಕ್ಕೆ ಪಲ್ಯ, ಕೋಸಂಬರಿ ಬರಲಿ. ಮುದ್ದೆಯ ವಿಷಯದಲ್ಲೂ ಒಂದು ಮಾತು. ರಾಗಿ ಒಳ್ಳೆಯದು, ಆದರೆ ಶುಗರ್‌ಗೆ ಒಳ್ಳೆಯದೆಂದು ಎರಡು ದೊಡ್ಡ ಮುದ್ದೆ ಉಂಡರೆ ಸಕ್ಕರೆ ಇಳಿಯುವುದಿಲ್ಲ, ಗಾತ್ರ ಲೆಕ್ಕಕ್ಕೆ ಬರುತ್ತದೆ.

ಒಂದು ಅಭ್ಯಾಸ ಮೈಗೂಡಲು ಎಷ್ಟು ದಿನ ಬೇಕು? ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲಾಲಿ ಮತ್ತು ಸಂಗಡಿಗರು 96 ಜನರನ್ನು ಗಮನಿಸಿದಾಗ ಸಿಕ್ಕ ಸರಾಸರಿ 66 ದಿನ. ಕೆಲವರಿಗೆ 18 ದಿನಕ್ಕೇ ರೂಢಿಯಾಯಿತು. ಇನ್ನು ಕೆಲವರಿಗೆ ಅಂದಾಜು 254 ದಿನದವರೆಗೆ ಬೇಕು. ಮಧ್ಯೆ ಒಂದು ದಿನ ತಪ್ಪಿದ್ದರಿಂದ ರೂಢಿ ಬೆಳೆಯುವುದಕ್ಕೆ ಹೆಚ್ಚೇನೂ ಧಕ್ಕೆ ಆಗಲಿಲ್ಲ ಎಂಬುದೂ ಆ ಅಧ್ಯಯನದಲ್ಲೇ ಇದೆ. ಖಿನ್ನತೆ ಇರುವವರಿಗೆ ಇದನ್ನು ಮತ್ತೆ ಮತ್ತೆ ಹೇಳಬೇಕು, ಏಕೆಂದರೆ ಒಂದು ದಿನ ತಪ್ಪಿದರೆ ಎಲ್ಲವೂ ಹಾಳಾಯಿತೆಂದು ನಂಬಿಸುವುದು ಆ ಕಾಯಿಲೆಯ ಸ್ವಭಾವ.

ಅಭ್ಯಾಸ, ಸಮಾಲೋಚನೆಗಳಿಂದ ಎಲ್ಲರಿಗೂ ವಾಸಿಯಾಗುವುದಿಲ್ಲ. ಖಿನ್ನತೆ ತೀವ್ರವಾಗಿದ್ದರೆ ಔಷಧಿ ಬೇಕು. ಅದಕ್ಕೆ ಹಿಂಜರಿಯಬಾರದು. ಖಿನ್ನತೆಯ ಮಾತ್ರೆ ಒಮ್ಮೆ ಶುರು ಮಾಡಿದರೆ ಅದಕ್ಕೇ ಅಂಟಿಕೊಳ್ಳಬೇಕೆಂಬುದು ತಪ್ಪು ತಿಳಿವಳಿಕೆ. ಪರಿಣಾಮ ಕಾಣಲು ಕೆಲವು ವಾರ ಹಿಡಿಯುತ್ತದೆ, ನಿಲ್ಲಿಸುವಾಗ ವೈದ್ಯರ ಸಲಹೆಯಂತೆ ಹಂತಹಂತವಾಗಿ ನಿಲ್ಲಿಸಬೇಕು. ಮಧುಮೇಹ ಇರುವುದನ್ನು ಮನೋವೈದ್ಯರಿಗೆ ತಪ್ಪದೆ ಹೇಳಿ. ಕೆಲವು ಹಳೆಯ ಔಷಧಿಗಳಿಂದ ತೂಕ ಏರುತ್ತದೆ, ಇನ್ನು ಕೆಲವು ರಕ್ತದ ಸಕ್ಕರೆಯನ್ನು ಇಳಿಸಬಹುದು, ಆದ್ದರಿಂದ ಆಯ್ಕೆಯಲ್ಲಿ ಎಚ್ಚರ ಬೇಕು. ಮಂಕು, ಸುಸ್ತಿಗೆ ಬೇರೆ ಕಾರಣಗಳೂ ಇರಬಹುದು. ಥೈರಾಯ್ಡ್ ಕಡಿಮೆಯಾದರೂ ಹೀಗಾಗುತ್ತದೆ. ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಬಿ12 ಜೀವಸತ್ವದ ಕೊರತೆ ಕಾಣಿಸಬಹುದು. ಎರಡಕ್ಕೂ ಸಾಮಾನ್ಯ ರಕ್ತಪರೀಕ್ಷೆ ಇದೆ.

ನೆರವು ಎಲ್ಲಿ ಸಿಗುತ್ತದೆ ಎಂಬ ಪ್ರಶ್ನೆಗೆ ಕರ್ನಾಟಕದಲ್ಲಿ ಉತ್ತರ ಇಲ್ಲದಿಲ್ಲ. ಮಾನಸಿಕ ಚಿಕಿತ್ಸೆಯನ್ನು ದೊಡ್ಡ ಆಸ್ಪತ್ರೆಯಿಂದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಯ್ಯುವ ಪ್ರಯೋಗವನ್ನು ನಿಮ್ಹಾನ್ಸ್ 1980ರ ದಶಕದಲ್ಲಿ ಮಾಡಿದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ. ಅದರ ಆಧಾರದ ಮೇಲೆಯೇ 1996ರಲ್ಲಿ ದೇಶಕ್ಕೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. 'ಮನೋಚೈತನ್ಯ' ಯೋಜನೆಯಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ವ್ಯವಸ್ಥೆ ರೂಪುಗೊಂಡಿದ್ದೂ ಇಲ್ಲಿಯೇ. ಇಷ್ಟಿದ್ದೂ, ನಿಮ್ಹಾನ್ಸ್ ನೇತೃತ್ವದಲ್ಲಿ 12 ರಾಜ್ಯಗಳಲ್ಲಿ ನಡೆದ 2015–16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಖಿನ್ನತೆಯಿದ್ದವರ ಪೈಕಿ ನೂರಕ್ಕೆ ಸುಮಾರು 85 ಮಂದಿ ಚಿಕಿತ್ಸೆಯಿಂದ ಹೊರಗಿದ್ದರು. ಮನೋವೈದ್ಯರ ಬಾಗಿಲಿಗೆ ಹೋಗಲು ನಾಚುವ ಇವರಲ್ಲಿ ಎಷ್ಟೋ ಜನ ಸಕ್ಕರೆ, ಬಿಪಿ ತಪಾಸಣೆಗೆಂದು ಆಸ್ಪತ್ರೆಗೆ ನಿಯಮಿತವಾಗಿ ಬರುವವರು. ಅವರನ್ನು ಹುಡುಕಿಕೊಂಡು ಹೋಗುವುದೇ ಬೇಡ, ಬೆಂಚಿನ ಮೇಲೆ ಕೂತಿದ್ದಾರೆ.

ಆದ್ದರಿಂದ ವೈದ್ಯರಲ್ಲಿ, ನರ್ಸ್‌ಗಳಲ್ಲಿ, ಆಶಾ ಕಾರ್ಯಕರ್ತೆಯರಲ್ಲಿ ನನ್ನ ಕೋರಿಕೆ ಇದು. ಬೆರಳ ತುದಿಯಿಂದ ಒಂದು ಹನಿ ರಕ್ತ ತೆಗೆಯುವಾಗ ಎರಡು ಪ್ರಶ್ನೆ ಕೇಳಿ. ಕಳೆದ ಎರಡು ವಾರದಲ್ಲಿ ಮನಸ್ಸಿಗೆ ತುಂಬಾ ಬೇಜಾರು, ದಿಕ್ಕು ತೋಚದಂತೆ ಅನಿಸಿದೆಯಾ? ಯಾವ ಕೆಲಸದಲ್ಲೂ ಆಸಕ್ತಿ, ಖುಷಿ ಇಲ್ಲದ ಹಾಗೆ ಆಗಿದೆಯಾ? ಜಗತ್ತಿನಾದ್ಯಂತ ಖಿನ್ನತೆಯ ಮೊದಲ ಜರಡಿಯಾಗಿ ಬಳಕೆಯಲ್ಲಿರುವುದು ಇಂಥವೇ ಎರಡು ಪ್ರಶ್ನೆಗಳು. ಒಂದು ನಿಮಿಷವೂ ಹಿಡಿಯುವುದಿಲ್ಲ. ಹೌದು ಎಂದವರಿಗೆ ಮುಂದಿನ ದಾರಿ ತೋರಿಸಿ.

ಮನೆಯವರು ಮಾಡಬೇಕಾದದ್ದೂ ಇದೆ. ತಟ್ಟೆ ಕಾಯುವುದನ್ನು ನಿಲ್ಲಿಸಿ, ಇಡೀ ಮನೆಯ ಅಡುಗೆ ಬದಲಿಸಿ. ಶುಗರ್‌ಗೆ ಒಳ್ಳೆಯ ಊಟ ಉಳಿದವರಿಗೂ ಒಳ್ಳೆಯದೇ. "ವಾಕಿಂಗ್ ಹೋಗು" ಎನ್ನುವ ಬದಲು ಚಪ್ಪಲಿ ಮೆಟ್ಟಿ ಜೊತೆಗೆ ಹೊರಡಿ. ಅಮ್ಮನಿಗೆ ಶುಗರ್ ಇದ್ದರೆ ರಾತ್ರಿಯ ಚಪಾತಿಯನ್ನು ಮನೆಯಲ್ಲಿ ಇನ್ನೊಬ್ಬರು ಲಟ್ಟಿಸಲಿ. ಬದುಕೇ ಬೇಡ ಎಂಬ ಮಾತು ರೋಗಿಯ ಬಾಯಲ್ಲಿ ಬಂದರೆ ಅದನ್ನು ನಾಟಕವೆಂದು ತಳ್ಳಿಹಾಕಬೇಡಿ. ಒಂಟಿಯಾಗಿ ಬಿಡದೆ ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ನಿಮ್ಮ ಮನಸ್ಸಿಗೇ ಇಂಥ ಮಂಕು ಕವಿದಿದ್ದರೆ, ಮುಂದಿನ ಬಾರಿ ಶುಗರ್ ತೋರಿಸಲು ಹೋದಾಗ ರಿಪೋರ್ಟು ಮುಂದಿಡುವ ಮೊದಲು ಅದನ್ನೇ ಹೇಳಿ. ಅಲ್ಲಿಯವರೆಗೆ ಕಾಯಲಾಗದಿದ್ದರೆ ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ ಇದೆ. ಸಂಖ್ಯೆ 14416. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು.